ಮೂರನೇ ಪಾಸು

ಭಾನುವಾರ, ಊಟದ ನಂತರ

ಪ್ರೀತಿಯ ಅಕ್ಕಾ,

ಹಾಗಂತ ಪಾಸು ತಗೊಂಡವರೆಲ್ಲ ಜಾಣರು, ಬಿಡಿ ಟಿಕೆಟ್ ತಗೊಂಡವರೆಲ್ಲ ದಡ್ಡರು ಅಂತ ನಾನು ಎಲ್ಲಿ ಹೇಳಿದೆ? ಪರದೇಶಕ್ಕೆ ಹೋದವರು ಅಲ್ಲಿಯ ರೈಲಿನವರಿಗೆ ಮೊದಲೇ ಅಷ್ಟು ದುಡ್ಡು ಸುರಿದು ಪಾಸು ಮಾಡಿಸಿಕೊಳ್ಳಬೇಕೇ, ಬೇಕಾದ ದಿನ ಬೇಕಾದ ಊರಿಗೆ ಟಿಕೆಟ್ ತೆಗೆದು ಹತ್ತಿದರೆ ಸಾಲದೇ ಅಂತ ನೀನು ಕೇಳಿದ್ದೀ. ಸಾಲುತ್ತದೆ. ಎಲ್ಲಿಗೂ ಹೋಗದೆ ಕೂತಿರುವವನಿಗಂತೂ ಧಾರಾಳವಾಗಿ ಸಾಲುತ್ತದೆ. ಆ ಮಾತಿಗೇ ಬರುತ್ತೇನೆ, ತಡಿ.

ನೋಡು, ಕ್ಷೇಮ ಕೇಳುವ ಮೊದಲೇ ಜಗಳಕ್ಕೆ ನಿಂತೆ. ನಿನ್ನ ಕಾಗದ ಬಂದು ಎಷ್ಟು ದಿನವಾಯಿತೋ. ಉತ್ತರ ಬರೆಯೋಣ ಅಂತ ಪೆನ್ನು ಹಿಡಿದಾಗಲೆಲ್ಲ ಯಾರಾದರೂ ಕರೆಯುತ್ತಿದ್ದರು. ತಡವಾದದ್ದಕ್ಕೆ ಬೈಯಬೇಡ. ನಿನ್ನ ಸೊಂಟ ಹೇಗಿದೆ? ಭಾವ ಇನ್ನೂ ಆ ಹಳೇ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತಿದ್ದಾರೋ, ಜೋಡಿಸಿದರೋ? ಫೋನು ಮಾಡಬಹುದಿತ್ತು, ಆದರೆ ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲ. ನಾನು ಒಂದು ಕೇಳಿದರೆ ನೀನು ಇನ್ನೊಂದು ಹೇಳುತ್ತೀ, ಹಿಂದಿನಿಂದ ಭಾವ ಮೂರನೆಯದನ್ನು ಕೂಗುತ್ತಾರೆ. ಕಾಗದವೇ ವಾಸಿ. ಮನೆಯಲ್ಲಿ ಈಗ ಯಾರೂ ಇಲ್ಲ. ಮಗಳು, ಅಳಿಯ, ಮೊಮ್ಮಗಳು ಮೂವರೂ ಹೊರಗೆ ಹೋಗಿದ್ದಾರೆ. ಎಲ್ಲಿಗೆ ಅಂತ ಆಮೇಲೆ ಹೇಳುತ್ತೇನೆ. ಊಟದ ಮೇಜಿನ ಮೇಲಿನ ತಟ್ಟೆಗಳನ್ನು ಒಂದು ಕಡೆ ಸರಿಸಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಡೊಂಕಾದರೆ ಮೇಜಿನ ತಪ್ಪು, ಅದರ ಒಂದು ಕಾಲು ಗಿಡ್ಡ.

ನಿನ್ನ ನಾದಿನಿ, ಅಂದರೆ ನನ್ನವಳು, ಹೋದ ಮೇಲೆ ನಾನು ಇವರ ಮನೆ ಸೇರಿದ್ದು ನಿನಗೆ ಗೊತ್ತೇ ಇದೆ. ಬಟ್ಟೆ ಒಗೆಯುವ ಮಿಷನ್ನಿನ ಪಕ್ಕದ ಕೋಣೆ ನನ್ನದು. ಮಿಷನ್ನು ತಿರುಗುವಾಗ ನನ್ನ ಮಂಚವೂ ಸಣ್ಣಗೆ ನಡುಗುತ್ತದೆ. ಕೂತಲ್ಲೇ ಪ್ರಯಾಣ. ಪಾಸು ಬೇಡ, ಟಿಕೆಟ್ ಬೇಡ.

ರಜಕ್ಕೆ ಪರದೇಶಕ್ಕೆ ಹೋಗೋಣ ಅಂತ ಅವರು ಹೊರಟಾಗ ಮಗಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಪ್ಪ, ನೀನೂ ಬರ್ತೀಯ" ಅಂದಳು. ಕೇಳಲಿಲ್ಲ, ಹೇಳಿದಳು. ನನಗೆ ಅದೇ ಹಿತವಾಯಿತು. ಕೇಳಿದರೆ ಬೇಡ ಅನ್ನುವುದಕ್ಕೆ ಜಾಗ ಇರುತ್ತದೆ, ಹೇಳಿದರೆ ಇರುವುದಿಲ್ಲ. ಅಷ್ಟು ಸಲಿಗೆ ಇದೆಯಲ್ಲ ಅಂದುಕೊಂಡೆ. ಹಿಂದೆಯೇ ಅಳಿಯ ಬಂದ.

"ಮಾವ, ಇಡೀ ಡಿಪೋದ ಡ್ಯೂಟಿ ಚಾರ್ಟ್ ಬರೆದವರು ನೀವು. ಯಾವ ಬಸ್ಸು ಎಲ್ಲಿಗೆ, ಯಾವ ಡ್ರೈವರ್ ಯಾವಾಗ, ಎಲ್ಲ ನಿಮ್ಮ ಬೆರಳ ತುದೀಲಿತ್ತು. ನಮ್ಮದೊಂದು ಟ್ರಿಪ್ ಏನು ಮಹಾ? ರೈಲು ಪಾಸ್ ತಗೊಂಡ್ರೆ ಗಿಟ್ಟತ್ತಾ, ಬಿಡಿ ಟಿಕೆಟ್ಟೇ ವಾಸೀನಾ, ನೋಡಿ ಹೇಳಿಬಿಡಿ."

ನಿವೃತ್ತನಾದವನಿಗೆ ಹೊಗಳಿಕೆ ಅಂದರೆ ಸಕ್ಕರೆ ಕಾಯಿಲೆಯವನಿಗೆ ಸಿಹಿ ಇದ್ದ ಹಾಗೆ. ಆಗದು ಅಂತ ಗೊತ್ತು, ಕೈ ಹೋಗುತ್ತದೆ. ಒಪ್ಪಿಕೊಂಡೆ.

ಆ ರೈಲಿನವರು ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಇಂಗ್ಲಿಷು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಮೇಜು ಗುದ್ದಿ "ರೀಡ್ ಬಿಟ್ವೀನ್ ದಿ ಲೈನ್ಸ್, ಜೆಂಟಲ್‌ಮೆನ್" ಅನ್ನುತ್ತಿದ್ದರು. ಸಾಲುಗಳೇ ಅರ್ಧ ಅರ್ಥವಾಗುವ ನನಗೆ ಸಾಲುಗಳ ನಡುವಿನದು ಎಲ್ಲಿ ಓದಲು ಬರಬೇಕು? ಆದರೂ ಬಿಡಲಿಲ್ಲ. ಪ್ರೊವೈಡೆಡ್ ದಟ್, ಸಬ್ಜೆಕ್ಟ್ ಟು, ನಾಟ್‌ವಿತ್‌ಸ್ಟ್ಯಾಂಡಿಂಗ್... ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಪದಗಳೆಲ್ಲ ಹಳೇ ಪರಿಚಯದವರ ಹಾಗೆ ಎದುರು ಬಂದವು. ಮುಖ ನೆನಪಿದೆ, ಏನು ಕೆಲಸ ಮಾಡಿಕೊಂಡಿದ್ದರು ಅನ್ನುವುದು ಮರೆತುಹೋಗಿದೆ. "ನಾನ್ ರಿಫಂಡಬಲ್" ಅಂತ ಮಾತ್ರ ಎಲ್ಲ ಕಡೆ ಇತ್ತು, ಅದು ತಕ್ಷಣ ಅರ್ಥವಾಯಿತು.

ಟು ಕಟ್ ದಿ ಲಾಂಗ್ ಸ್ಟೋರಿ, ವಿಷಯ ಇಷ್ಟು. ಪಾಸು ಇದ್ದರೆ ಆ ದೇಶದ ಯಾವ ರೈಲು ಬೇಕಾದರೂ ಹತ್ತು, ಎಲ್ಲಿ ಬೇಕಾದರೂ ಇಳಿ, ಮನಸ್ಸು ಬದಲಾದರೆ ಎದುರಿನ ರೈಲು ಹತ್ತಿ ವಾಪಸ್ಸು ಬಾ, ಕೇಳುವವರಿಲ್ಲ. ಬಿಡಿ ಟಿಕೆಟ್ಟನ್ನು ಬಹಳ ಮುಂಚೆ ತೆಗೆದರೆ ಅಗ್ಗ, ಆದರೆ ಅದೇ ರೈಲು, ಅದೇ ಹೊತ್ತು. ತಪ್ಪಿದರೆ ಟಿಕೆಟ್ಟು ಬರೀ ಕಾಗದದ ಚೂರು. ದಿನಾ ದೂರ ದೂರ ಓಡಾಡುವವನಿಗೆ ಪಾಸು ಗಿಟ್ಟುತ್ತದೆ. ಒಂದೇ ಊರಲ್ಲಿ ಕೂರುವವನಿಗೆ ಅದು ದಂಡ. ವೇಗದ ರೈಲಾದರೆ ಸೀಟಿನ ದುಡ್ಡು ಬೇರೆ. ಚಿಕ್ಕ ಮಕ್ಕಳಿಗೆ ಪುಕ್ಕಟೆ. ವಯಸ್ಸಾದವರಿಗೆ ಸ್ವಲ್ಪ ಕಡಿಮೆ. ಅದನ್ನು ಓದಿದಾಗ, ನಗಬೇಡ, ಖುಷಿಯಾಯಿತು. ಮುದುಕನಾದದ್ದಕ್ಕೆ ಒಂದು ಕಡೆಯಾದರೂ ಬೆಲೆ ಇದೆಯಲ್ಲ ಅಂತ.

ಹೀಗೆ ಓದುತ್ತಾ ಇದ್ದಾಗಲೇ ಸಿಕ್ಕಿತು ಆ ಬೆಟ್ಟದ ಲೈನು. ರೈಲು ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ, ಕತ್ತಲಲ್ಲೇ ಒಂದು ಸುತ್ತು ಸುತ್ತಿ, ತಾನು ನುಗ್ಗಿದ ಬಾಯಿಯ ನೇರ ಮೇಲಕ್ಕೇ ಹೊರಬರುತ್ತದಂತೆ. ಕಿಟಕಿಯಿಂದ ಬಗ್ಗಿ ನೋಡಿದರೆ ಈಗಷ್ಟೇ ಬಂದ ಹಳಿ ಕೆಳಗೆ, ಅದರ ಕೆಳಗೆ ಇನ್ನೊಂದು ಸುತ್ತು, ಅದರ ಕೆಳಗೆ ಊರಿನ ಮನೆಗಳ ಮಾಡು. ಅಕ್ಕಾ, ಜೀವಮಾನವೆಲ್ಲ ಬೇರೆಯವರನ್ನು ಹೊರಡಿಸಿದವನು ನಾನು. ಒಂದು ಕೋಣೆ, ಒಂದು ಟ್ಯೂಬ್‌ಲೈಟು, ಗೋಡೆಗೆ ಚಾರ್ಟು, ಕಿಟಕಿಯಾಚೆ ಹೊರಟು ಹೋಗುವ ಬಸ್ಸುಗಳ ಹಿಂಭಾಗ. ಬಂದ ದಾರಿಯನ್ನು ಮೇಲಿನಿಂದ ನೋಡುವುದು ಅಂದರೆ ಹೇಗಿರುತ್ತದೆ ಅಂತ ಒಂದು ಸಲ ನೋಡಬೇಕು ಅನ್ನಿಸಿತು. ಅದು ಬಿಟ್ಟು ಆ ದೇಶದಲ್ಲಿ ನನಗೆ ಬೇರೆ ಏನೂ ಬೇಡವಾಗಿತ್ತು. ಕೋಟೆ, ಅರಮನೆ, ಸರೋವರ ಎಲ್ಲ ಅವರೇ ನೋಡಿಕೊಳ್ಳಲಿ.

ಈಗ ನನ್ನ ಬುದ್ಧಿವಂತಿಕೆ ಕೇಳು. ನೋಡಬೇಕಾದ ಊರುಗಳು ಯಾವುವು ಅಂತ ಅವರು ಹೇಳಿದ್ದರು, ಎಲ್ಲಿ ತಂಗುವುದು ಅಂತ ತೀರ್ಮಾನವಾಗಿರಲಿಲ್ಲ. ಡಿಪೋದಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಬಸ್ಸು ಖಾಲಿ ಓಡಬಾರದು. ಅದಕ್ಕೆ ಡಿಪೋ ನಡುಮಧ್ಯದಲ್ಲಿರಬೇಕು. ಬೆಳಿಗ್ಗೆ ಒಂದೊಂದು ಬಸ್ಸು ಒಂದೊಂದು ದಿಕ್ಕಿಗೆ ಹೊರಟು ಸಂಜೆ ಅಲ್ಲಿಗೇ ಬಂದು ಸೇರಬೇಕು. ನಾನು ಅದೇ ಕಣ್ಣಲ್ಲಿ ನಕ್ಷೆ ನೋಡಿದೆ. ನಾಲ್ಕು ಲೈನು ಕೂಡುವ ಒಂದು ಊರು ಸಿಕ್ಕಿತು. "ದಿನಾ ಪೆಟ್ಟಿಗೆ ಹೊತ್ತು ಹೋಟೆಲು ಬದಲಾಯಿಸಬೇಡಿ. ಇಲ್ಲೊಂದು ಮನೆ ಬಾಡಿಗೆಗೆ ಹಿಡಿದು ಬಿಡಿ. ಬೆಳಿಗ್ಗೆ ಹೊರಡೋದು, ಸಂಜೆ ವಾಪಸ್ಸು. ಹಾಗಾದರೆ ಮಾತ್ರ ಪಾಸು ಪೈಸೆ ಪೈಸೆ ಗಿಟ್ಟುತ್ತೆ" ಅಂದೆ. ಮಗಳು ಅಳಿಯನ ಮುಖ ನೋಡಿದಳು, ಅಳಿಯ ಮಗಳ ಮುಖ ನೋಡಿದ. "ಅಪ್ಪ, ನೀನು ಜೀನಿಯಸ್ಸು!" ಅಂತ ನನ್ನ ಭುಜ ಹಿಡಿದು ಅಲುಗಾಡಿಸಿದಳು. ನಾನು ಉಬ್ಬಿ ಪೂರಿಯಾದೆ. ಸಾಲುಗಳ ನಡುವೆ ಓದು ಅಂದಿದ್ದರಲ್ಲ ಮೇಷ್ಟ್ರು, ಅವರಿಬ್ಬರ ಮುಖಗಳ ನಡುವೆ ಇದ್ದದ್ದನ್ನು ನಾನು ಆವತ್ತೇ ಓದಬೇಕಿತ್ತು.

ಎಲ್ಲ ಸೇರಿಸಿ ಒಂದು ದೊಡ್ಡ ಹಾಳೆಯಲ್ಲಿ ಚಾರ್ಟು ಬರೆದೆ. ಹಳೇ ಅಭ್ಯಾಸ, ಕೆಂಪು ಶಾಯಿ, ನೀಲಿ ಶಾಯಿ. ಮೊನ್ನೆ ಊಟಕ್ಕೆ ಕೂತಾಗ ಮುಂದಿಟ್ಟೆ. ಅಳಿಯ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು ಓದಿದ.

"ಮಾವ, ಫಸ್ಟ್ ಕ್ಲಾಸ್. ಆದ್ರೆ ಇಲ್ಲಿ ಮೂರು ಪಾಸ್ ಅಂತ ಬರೆದಿದ್ದೀರಲ್ಲ?"

"ಮೂರೇ ತಾನೆ? ಮೆಣಸಿನಕಾಯಿಗೆ ಪುಕ್ಕಟೆ." ಮೆಣಸಿನಕಾಯಿ ಅಂದರೆ ಮೊಮ್ಮಗಳು. ಈಗ ಎಲ್ಲರೂ ಹಾಗೇ ಕರೆಯುತ್ತೇವೆ. ಅವಳ ಕಿರುಚಾಟ ನೀನು ಕೇಳಬೇಕು, ನಿನ್ನ ಕಿವಿಗೂ ಕೇಳಿಸುತ್ತದೆ.

"ಅಲ್ಲ... ಎರಡು ಸಾಕಲ್ವಾ ಮಾವ?"

ನಾನೊಬ್ಬ ಮಂಕ. "ಯಾಕೆ, ನಿಮಗೆ ರಜ ಸಿಗಲಿಲ್ವಾ?" ಅಂದೆ.

ಮೆಣಸಿನಕಾಯಿ ಲೋಟ ಕುಟ್ಟುತ್ತಿದ್ದಳು. ಆಮೇಲೆ ಮಗಳು ಮೆಲ್ಲಗೆ ಶುರು ಮಾಡಿದಳು.

"ಅಪ್ಪ, ನಿನ್ನ ಮೊಣಕಾಲು..."

"ನನ್ನ ಮೊಣಕಾಲಿಗೆ ಏನಾಗಿದೆ?"

"ಏನೂ ಆಗಿಲ್ಲ. ಆಗಬಾರದು ಅಂತ."

"ಆಗದೇ ಇರೋದಕ್ಕೆ ಈಗಲೇ ಪಥ್ಯವಾ?"

"ಹಾಗಲ್ಲ ಕಣಪ್ಪ. ಇವಳನ್ನ ದಿನಾ ರೈಲಲ್ಲಿ ಎಳ್ಕೊಂಡು ಹೋಗೋದಕ್ಕಾಗತ್ತಾ? ನೀನೇ ಹೇಳಿದೆಯಲ್ಲ, ಒಂದು ಕಡೆ ಮನೆ ಮಾಡಿ ಅಂತ. ನೀವಿಬ್ಬರೂ ಆರಾಮಾಗಿ ಮನೇಲಿರಿ, ನಾವು ಬೆಳಿಗ್ಗೆ ಹೋಗಿ ಸಂಜೆ ಬರ್ತೀವಿ. ನಾವು ನೋಡಿರೋ ಮನೆ ಎದುರಿಗೇ ಪಾರ್ಕ್ ಇದೆಯಂತೆ. ಜಾರುಬಂಡೆ ಇದೆಯಂತೆ."

"ಜಾರುಬಂಡೆ ನನಗಾ, ಅವಳಿಗಾ?"

ಅಳಿಯ ನಕ್ಕ. ನಗಬಾರದಿತ್ತು. ಆಮೇಲೆ ಅವನಿಗೇ ಗೊತ್ತಾಗಿ ನೀರು ಕುಡಿದ. "ಮಾವ, ನಿಮ್ಮ ಚಾರ್ಟಲ್ಲೇ ಇದೆಯಲ್ಲ, ಒಂದೇ ಊರಲ್ಲಿ ಕೂರುವವರಿಗೆ ಪಾಸು ದಂಡ ಅಂತ. ನಿಮ್ಮ ದುಡ್ಡೂ ಸುಮ್ನೆ ಪೋಲು" ಅಂದ. ನನ್ನ ಅಕ್ಷರವನ್ನೇ ಬೆರಳಿಟ್ಟು ತೋರಿಸಿದ. ಕೆಂಪು ಶಾಯಿಯಲ್ಲಿ ನಾನೇ ಅಡಿಗೆರೆ ಎಳೆದಿದ್ದೆ.

ನಮ್ಮ ಡಿಪೋದಲ್ಲಿ ಸ್ಪೇರ್ ಅಂತ ಒಂದು ಡ್ಯೂಟಿ ಇತ್ತು. ಆ ಡ್ರೈವರು ಬೆಳಿಗ್ಗೆಯೇ ಯೂನಿಫಾರಂ ಹಾಕಿಕೊಂಡು ಬರಬೇಕು, ಹಾಜರಿ ಹಾಕಬೇಕು, ಸಂಜೆಯವರೆಗೂ ರೆಸ್ಟ್ ರೂಮಿನ ಬೆಂಚಿನ ಮೇಲೆ ಕೂತಿರಬೇಕು. ಯಾರಿಗಾದರೂ ಹೊಟ್ಟೆನೋವು ಬಂದರೆ ಅವನು ಹೋಗಬೇಕು. ಬರದಿದ್ದರೆ ಅವನು ಎಲ್ಲಿಗೂ ಹೋಗುವ ಹಾಗಿಲ್ಲ. ಮನೆಗೂ ಇಲ್ಲ. ಸಂಬಳ ಸರಿಯಾಗಿ ಬರುತ್ತಿತ್ತು, ಆದರೂ ಆ ಡ್ಯೂಟಿ ಬಿದ್ದವರು ನನ್ನ ಟೇಬಲ್ಲಿನ ಮುಂದೆ ಬಂದು "ಸಾರ್, ನನಗೆ ಯಾವ ಹಳ್ಳ ಕೊಳ್ಳದ ರೂಟಾದರೂ ಕೊಡಿ, ಇದು ಬೇಡ" ಅಂತ ಗೋಗರೆಯುತ್ತಿದ್ದರು. ಕೂತು ತಿನ್ನುವುದಕ್ಕೆ ಇವರಿಗೇನು ಕಷ್ಟ ಅಂತ ನನಗೆ ಆಗ ಅರ್ಥವಾಗಿರಲಿಲ್ಲ. ಈಗ ಆಯಿತು. ಈ ಸಲ ಸಂಬಳವೂ ಇಲ್ಲ.

ನನ್ನವಳು ಇದ್ದಿದ್ದರೆ ಅಲ್ಲೇ ಕೇಳಿಬಿಡುತ್ತಿದ್ದಳು, "ಆಯಾ ಬೇಕಿದ್ದರೆ ಆಯಾ ಬೇಕು ಅನ್ನಿ, ಪ್ರವಾಸ ಅಂತ ಯಾಕೆ ಹೆಸರಿಡ್ತೀರಿ?" ಅಂತ. ಇಲ್ಲ, ಅದೂ ಸುಳ್ಳು. ಅವಳು ಸೆರಗು ಸಿಕ್ಕಿಸಿಕೊಂಡು ಸಂತೋಷವಾಗಿ ಹೋಗುತ್ತಿದ್ದಳು, ಆಗ ಇವರಿಗೆ ನಾನು ಬೇಕಾಗುತ್ತಲೇ ಇರಲಿಲ್ಲ. ಸತ್ತವರ ಬಾಯಲ್ಲಿ ನಮಗೆ ಬೇಕಾದ ಮಾತು ಹಾಕುವುದು ಎಷ್ಟು ಸುಲಭ ನೋಡು.

ನಾನೂ ಪೂರ್ತಿ ಮೊಂಡು ಹಿಡಿಯಲಿಲ್ಲ ಅಕ್ಕಾ. ಮರುದಿನ ಮಗಳು ಬಟ್ಟೆ ಮಡಚುತ್ತಿದ್ದಾಗ ಹತ್ತಿರ ಹೋಗಿ, "ಪಾಸು ಬೇಡ. ಆ ಬೆಟ್ಟದ ರೈಲಿಗೆ ಒಂದೇ ಒಂದು ದಿನ ನನ್ನನ್ನ ಬಿಡಿ. ಒಬ್ಬನೇ ಹೋಗಿ ಬರ್ತೀನಿ" ಅಂದೆ. ಈ ವಯಸ್ಸಿನಲ್ಲಿ ಮಗಳ ಹತ್ತಿರ ರಜ ಕೇಳುವ ಹಾಗೆ ಕೇಳಿದೆ. ಅವಳು ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು. "ಆಯ್ತಪ್ಪ, ನೋಡೋಣ. ಆವತ್ತು ಹವಾ ಹೇಗಿರತ್ತೋ" ಅಂದಳು. ಅಳಿಯ ಒಳಗಿನಿಂದ "ಖಂಡಿತ ಮಾವ, ಖಂಡಿತ!" ಅಂತ ಕೂಗಿದ. ರಜಾ ಅರ್ಜಿ ತಂದವರಿಗೆ ಇಡೀ ಸರ್ವೀಸಿನಲ್ಲಿ ನಾನೂ ಇದೇ ಎರಡು ಮಾತು ಹೇಳಿದವನು. ಕೊಡುವ ಮನಸ್ಸಿದ್ದರೆ ಸಹಿ ಹಾಕುತ್ತಿದ್ದೆ, ನೋಡೋಣ ಅನ್ನುತ್ತಿರಲಿಲ್ಲ.

ಪಾಸಿನವರು ಬೆಲೆ ಇಳಿಸಿರುವುದು ನಾಳೆಗೆ ಮುಗಿಯುತ್ತದೆ. ಇವತ್ತು ಊಟಕ್ಕೆ ಕೂತಾಗ ಅಳಿಯ ಕಂಪ್ಯೂಟರ್ ತೆರೆದು, "ಹಾಗಾದ್ರೆ ಎರಡು ಅಂತ ಒತ್ತಿಬಿಡ್ಲಾ?" ಅಂದ.

"ಒತ್ತಿ. ಇಬ್ಬರಿಗೆ ಗಿಟ್ಟುತ್ತೆ, ಅದರಲ್ಲಿ ಅನುಮಾನ ಬೇಡ. ಆದ್ರೆ ನನಗೆ ವಿಮಾನದ ಟಿಕೆಟ್ಟೂ ತೆಗೀಬೇಡಿ."

"ಅಂದ್ರೆ?" ಅಂದಳು ಮಗಳು.

"ನಾನು ಬರಲ್ಲ."

"ಮತ್ತೆ ಇವಳನ್ನ ಯಾರು ನೋಡ್ಕೋತಾರೆ?"

ಮೊದಲ ಮಾತೇ ಅದು, ಅಕ್ಕಾ. ಯಾಕಪ್ಪಾ ಅಂತ ಅಲ್ಲ. ಬೇಜಾರಾಯ್ತಾ ಅಂತ ಅಲ್ಲ. ಮೂರನೆಯ ಮಾತಾಗಿ ಬಂದಿದ್ದರೂ ನುಂಗಿಕೊಳ್ಳುತ್ತಿದ್ದೆ.

ಆಮೇಲೆ ಅತ್ತಳು. "ನಿನ್ನನ್ನೇನು ಆಳಿನ ಥರ ನೋಡಿದ್ವಾ ನಾವು? ನಮಗೂ ಒಂದು ರಜ ಬೇಡ್ವಾ? ಇವಳು ಹುಟ್ಟಿದಾಗಿಂದ ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು. ನಾವಿಬ್ರು ಜೊತೇಲಿ ಕೂತು ಒಂದು ಬಿಸಿ ಕಾಫಿ ಕುಡಿದು ಎಷ್ಟು ಕಾಲ ಆಯ್ತು ಗೊತ್ತಾ?" ಅಂದಳು. ಅದು ಸುಳ್ಳಲ್ಲ. ಕಣ್ಣ ಕೆಳಗೆ ಕಪ್ಪಾಗಿದೆ ಅವಳಿಗೆ. ಅಷ್ಟನ್ನೇ ಮೊದಲ ದಿನ ಬಾಗಿಲಲ್ಲಿ ನಿಂತಾಗ ಹೇಳಿದ್ದರೆ, "ಅಪ್ಪ, ನನಗೆ ಸುಸ್ತಾಗಿದೆ, ಇವಳನ್ನ ನೋಡ್ಕೋತೀಯಾ" ಅಂದಿದ್ದರೆ, ಪರದೇಶವೇನು, ನಾನು ಮೆಟ್ಟಿಲ ಮೇಲೆ ಬೇಕಾದರೂ ಕೂತು ನೋಡಿಕೊಳ್ಳುತ್ತಿದ್ದೆ. ಚಾರ್ಟು ಬರೆಸಿ, ಜೀನಿಯಸ್ಸು ಅನ್ನಿಸಿ, ಆಮೇಲೆ ನನ್ನ ಗೆರೆಯಿಂದಲೇ ನನ್ನ ಹೆಸರು ಹೊಡೆದು ಹಾಕುವುದು ಬೇಕಿರಲಿಲ್ಲ. ಅಳುತ್ತಾ ಇನ್ನೊಂದು ಮಾತೂ ಅಂದಳು. ಅದು ಇರಲಿ.

ಈಗ ಬೀಗರ ಮನೆಗೆ ಹೋಗಿದ್ದಾರೆ, ಬೀಗಿತ್ತಿ ಬರುತ್ತಾರೋ ಏನೋ ಕೇಳುವುದಕ್ಕೆ. ಬಂದರೆ ಬರಲಿ, ಅವರಿಗೆ ಜಾರುಬಂಡೆಯ ವಿಷಯ ಮೊದಲೇ ಹೇಳಿದರೆ ಸಾಕು. ಹೊರಡುವಾಗ ಮಗಳು ನನ್ನ ಮುಖ ನೋಡಲಿಲ್ಲ. ಮೆಣಸಿನಕಾಯಿ ಅಪ್ಪನ ಹೆಗಲ ಮೇಲಿಂದ ಕೈ ಚಾಚಿ "ತಾತಾ, ಬಾ" ಅಂದಳು. ಇಷ್ಟು ದಿನದಲ್ಲಿ ಕೆಲಸ ಇಟ್ಟುಕೊಳ್ಳದೆ ಕರೆದವಳು ಅವಳೊಬ್ಬಳೇ. ಅವಳಿಗೂ ಬರಲ್ಲ ಅಂತ ತಲೆಯಾಡಿಸಬೇಕಾಯಿತು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೊಮ್ಮಕ್ಕಳಿಗೆ ಆಶೀರ್ವಾದ. ಓದಲಿ, ಬೆಳೆಯಲಿ, ಎಲ್ಲಿಗೆ ಹೋದರೂ ಕಿಟಕಿ ಪಕ್ಕದ ಸೀಟು ಸಿಗಲಿ. ಸೊಂಟಕ್ಕೆ ಬಿಸಿನೀರಿನ ಶಾಖ ಬಿಡಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ ಅಂತ ಯಾವಾಗಲೂ ಬರೆಯುತ್ತಿದ್ದೆ, ಈ ಸಲ ಬರೆಯಲೋ ಬೇಡವೋ 'ನೋಡೋಣ'.

ಇಂತಿ,
ನಿನ್ನ ತಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಇರಲಿ ಅಂದ ಮಾತು ಒಳಗೆ ಇರುತ್ತಿಲ್ಲ.

ಮಗಳು ಅಂದದ್ದು ಹೀಗೆ: "ಮೊದಲು ನಾವು ಅತ್ತೇನ ಕೇಳಿದ್ವಿ. ಅವರು ಸೊಂಟ ಆಗಲ್ಲ ಅಂದ್ರು. ಅವರೇ ಹೇಳಿದ್ದು, ನಿಮ್ಮಪ್ಪನ್ನ ಕರ್ಕೊಂಡು ಹೋಗಿ, ಅವನು ಬೇಡ ಅನ್ನಲ್ಲ, ಅವನಿಗೆ ಬೇರೆ ಏನಿದೆ ಅಂತ."

ಗಂಡನ ತಾಯಿಯನ್ನು ಅವಳು ಅಮ್ಮ ಅಂತಲೇ ಕರೆಯುವುದು. ಅತ್ತೆ ಅಂದರೆ ಅವಳಿಗೆ ನೀನೊಬ್ಬಳೇ ಅಲ್ಲವೇ, ಅಕ್ಕಾ? ನಿನ್ನನ್ನು ನೋಡಿಕೊಂಡು ಬರುತ್ತೇವೆ ಅಂತ ಅವರು ಹಣ್ಣು ಹಿಡಿದುಕೊಂಡು ನಿನ್ನ ಮನೆಗೆ ಬಂದದ್ದು ಅದಕ್ಕೇ. ನನ್ನ ಚಾರ್ಟಿಗಿಂತ ಮೊದಲು, ನಾನು ಆ ಊರು ಹುಡುಕಿ ಮನೆ ಹಿಡಿಯಿರಿ ಅನ್ನುವುದಕ್ಕಿಂತ ಮೊದಲು. ನನ್ನ ಜಾಣತನದಿಂದಲೇ ಹೀಗಾಯಿತು ಅಂತ ಮೊನ್ನೆಯಿಂದ ನನ್ನನ್ನೇ ಬೈದುಕೊಂಡಿದ್ದೆ. ಆಮೇಲೆ ನೀನು ನನಗೆ ಕಾಗದ ಬರೆದು, ಏನೂ ಅರಿಯದವಳ ಹಾಗೆ, ಪಾಸು ತಗೋಬೇಕೇ ಬಿಡಿ ಟಿಕೆಟ್ ಸಾಲದೇ ಅಂತ ಕೇಳಿದೆ. ಮಗಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ನಿದ್ದೆ ಬೇಕು. ಅಳಿಯ ಬೇರೆ ಮನೆಯಲ್ಲಿ ಹುಟ್ಟಿದವನು. ನೀನು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಅವನಿಗೆ ಬೇರೆ ಏನಿದೆ. ಏನಿದೆ ಅಂತ ಒಂದೊಂದಾಗಿ ನಿನಗೆ ಬರೆದು ತೋರಿಸೋಣ ಅಂತಲೇ ಮತ್ತೆ ಪೆನ್ನು ತೆಗೆದೆ. ಆ ಬೆಟ್ಟದ ರೈಲು ಅಂತ ಬರೆಯಬೇಕೆಂದಿದ್ದೆ, ಅದಂತೂ ಈಗ ಇಲ್ಲ. ಬೇರೆ ಯೋಚಿಸುತ್ತಾ ಕೂತಿದ್ದೇನೆ. ಎದುರು ಮನೆಯ ಗೋಡೆ ಬೂದಿ ಬಣ್ಣಕ್ಕೆ ತಿರುಗಿದೆ, ಮೇಜಿನ ಮೇಲಿನ ತಟ್ಟೆಗಳ ಅಂಚು ಮಾತ್ರ ಕಾಣುತ್ತಿದೆ. ಮೇಲಿನ ಸಾಲಿನಲ್ಲಿ ಏನು ಬರೆದೆ ಅಂತ ನನಗೇ ಓದಲು ಆಗುತ್ತಿಲ್ಲ. ಬೆಳಕು ಹೋಗುತ್ತಾ ಇದೆ, ಅಕ್ಕಾ.